ಆರು ಕೂಡು, ಮೂರು ಕಳೆ: ಕೆಲಸ ಬದಲಿಸುವಾಗ ಮನಸ್ಸು ತಗೊಳ್ಳುವ ಹೊತ್ತನ್ನು ಅಳೆದ ಬಗೆ

ಒಂದು ಲೆಕ್ಕದಿಂದ ಇನ್ನೊಂದಕ್ಕೆ ಮನಸ್ಸು ಹೊರಳಲು ಎಷ್ಟು ಹೊತ್ತು ಬೇಕು ಅನ್ನುವುದನ್ನು ಮನೆಯಲ್ಲೇ ಅಳೆಯಬಹುದು. ಮನಶ್ಶಾಸ್ತ್ರಜ್ಞ ಆರ್ಥರ್ ಜರ್ಸಿಲ್ಡ್ 1927ರಲ್ಲಿ ಇದನ್ನು ಅಳೆದದ್ದು ಬರೀ ಸಂಖ್ಯೆಗಳ ಪಟ್ಟಿ ಕೊಟ್ಟು, ಅದು ಮುಗಿಯಲು ಹಿಡಿದ ಸಮಯ ನೋಡಿ. ನಾನು ಅದೇ ದಾರಿ ಹಿಡಿದೆ. ಬೇಕಾದದ್ದು ಎ4 ಹಾಳೆ, ಮೊಬೈಲಿನ ರೆಕಾರ್ಡರ್, ಕಂಪ್ಯೂಟರಿನಲ್ಲಿ ಆಡಾಸಿಟಿ ಅನ್ನುವ ಧ್ವನಿ ಸಂಪಾದಿಸುವ ತಂತ್ರಾಂಶ.

ಒಂದು ಹಾಳೆಯಲ್ಲಿ ಉದ್ದಕ್ಕೆ 24 ಎರಡಂಕಿ ಸಂಖ್ಯೆ. ಮೊದಲ ಬಗೆಯ ಹಾಳೆಯಲ್ಲಿ ಎಲ್ಲಕ್ಕೂ 6 ಕೂಡಿಸುವುದು, ಎರಡನೆಯದರಲ್ಲಿ ಎಲ್ಲದರಿಂದಲೂ 3 ಕಳೆಯುವುದು, ಮೂರನೆಯದರಲ್ಲಿ ಒಂದಕ್ಕೆ ಕೂಡಿಸಿ ಮುಂದಿನದರಿಂದ ಕಳೆಯುವುದು. ಉತ್ತರವನ್ನು ಬಾಯಲ್ಲೇ ಹೇಳಬೇಕು. ಬರೆಸಿದರೆ, ಕೈ ಹಿಂದಿನ ಉತ್ತರ ಬರೆಯುತ್ತಿರುವಾಗಲೇ ತಲೆ ಮುಂದಿನ ಲೆಕ್ಕಕ್ಕೆ ಹೋಗಿರುತ್ತದೆ. ನಾವು ಹುಡುಕುತ್ತಿರುವ ಹೊತ್ತು ಆ ಬರವಣಿಗೆಯ ಅಡಿಯಲ್ಲಿ ಅಡಗಿಹೋಗುತ್ತದೆ.

ಸಂಖ್ಯೆಗಳನ್ನು ಆರಿಸುವಲ್ಲೇ ಹೆಚ್ಚು ಎಡವುವುದು. ಬಿಡಿ ಸ್ಥಾನದಲ್ಲಿ 4ರಿಂದ 9ರ ತನಕ ಯಾವುದಿದ್ದರೂ 6 ಕೂಡಿಸಿದಾಗ ದಶಕ ಏರುತ್ತದೆ. 0, 1, 2 ಇದ್ದರೆ 3 ಕಳೆಯಲು ದಶಕದಿಂದ ಸಾಲ ಬೇಕು. ಎರಡೂ ಇಲ್ಲದ್ದು 3 ಒಂದೇ. ಕಣ್ಣಿಗೆ ಬಿದ್ದ ಸಂಖ್ಯೆಗಳನ್ನು ಬರೆದುಕೊಂಡರೆ ಬದಲಿಸುವ ಹಾಳೆಗೆ ಕಷ್ಟದ ಲೆಕ್ಕಗಳೇ ಬಂದುಬಿಡಬಹುದು. ಅದಕ್ಕೇ ಎಲ್ಲ ಹಾಳೆಗೂ ಅದೇ 24 ಸಂಖ್ಯೆ, ಸಾಲು ಮಾತ್ರ ಕಲಸಿದ್ದು. ಬದಲಿಸುವ ಹಾಳೆ ಎರಡು: ಎರಡರಲ್ಲೂ ಸಂಖ್ಯೆಗಳ ಸಾಲು ಒಂದೇ, ಆದರೆ ಒಂದು ಕೂಡುವುದರಿಂದ ಶುರು, ಇನ್ನೊಂದು ಕಳೆಯುವುದರಿಂದ. ಹೀಗಾದರೆ ಪ್ರತಿ ಸಂಖ್ಯೆಯೂ ಒಮ್ಮೆ ಕೂಡಿಕೆಗೆ, ಒಮ್ಮೆ ಕಳೆಯುವುದಕ್ಕೆ ಸಿಗುತ್ತದೆ.

ಮಾಡುವ ಕ್ರಮ: ಕೂಡು, ಕಳೆ, ಬದಲಿ, ಬದಲಿ, ಕಳೆ, ಕೂಡು. ಮಾಡುತ್ತಾ ಮಾಡುತ್ತಾ ಬಾಯಿ ಚುರುಕಾಗುವುದರಿಂದ ಬದಲಿ ಹಾಳೆಗಳು ಕೊನೆಗೆ ಬಿದ್ದರೆ, ಬದಲಿಸುವುದರಿಂದ ಆಗುವ ಸಮಯದ ನಷ್ಟ ಇದ್ದರೂ ಕಾಣುವುದಿಲ್ಲ. ಮೊದಲ ಸುತ್ತನ್ನು ಅಭ್ಯಾಸಕ್ಕೆಂದು ಪೂರ್ತಿ ಬಿಟ್ಟುಬಿಡಿ.

ಲೆಕ್ಕ ಹೀಗೆ. ಕೂಡುವ ಹಾಳೆಗೆ 40 ಸೆಕೆಂಡ್, ಕಳೆಯುವುದಕ್ಕೆ 44, ಬದಲಿಸುವ ಹಾಳೆಗೆ 54 ಅಂತಿಟ್ಟುಕೊಳ್ಳಿ. ಮೊದಲೆರಡರ ಸರಾಸರಿ 42, ವ್ಯತ್ಯಾಸ 12, ಅದನ್ನು 24ರಿಂದ ಭಾಗಿಸಿದರೆ ಒಂದೊಂದು ಲೆಕ್ಕಕ್ಕೆ ಅರ್ಧ ಸೆಕೆಂಡ್. ತಪ್ಪುಗಳನ್ನೂ ಎಣಿಸಿ. ಸಮಯ ಅಷ್ಟೇ ಇದ್ದು ತಪ್ಪು ಹೆಚ್ಚಿದ್ದರೆ ಅದೂ ನಷ್ಟವೇ.

ಆದರೆ ಈ ಅರ್ಧ ಸೆಕೆಂಡಿನಲ್ಲಿ ಎರಡು ಖರ್ಚು ಬೆರೆತಿವೆ: ಬದಲಿಸುವ ಖರ್ಚು, ಮತ್ತು ಎರಡು ನಿಯಮಗಳನ್ನು ಒಟ್ಟಿಗೆ ನೆನಪಿನಲ್ಲಿ ಹೊತ್ತುಕೊಂಡಿರುವ ಖರ್ಚು. ರಾಬರ್ಟ್ ರಾಜರ್ಸ್ ಮತ್ತು ಸ್ಟೀಫನ್ ಮಾನ್ಸೆಲ್ 1995ರಲ್ಲಿ ಇವನ್ನು ಬೇರ್ಪಡಿಸಿದರು: ಎರಡು ಸಲ ಒಂದು ಕೆಲಸ, ಎರಡು ಸಲ ಇನ್ನೊಂದು. ಆಗ ಒಂದೇ ಪಟ್ಟಿಯೊಳಗೆ ಜೋಡಿಯ ಮೊದಲನೆಯದು ಬದಲಾದ ಲೆಕ್ಕ, ಎರಡನೆಯದು ಮುಂದುವರಿದ ಲೆಕ್ಕ. ನೆನಪಿನ ಹೊರೆ ಎರಡಕ್ಕೂ ಸಮ. ಇಲ್ಲಿ ಒಟ್ಟು ಸಮಯ ಸಾಲದು, ರೆಕಾರ್ಡಿಂಗನ್ನು ಆಡಾಸಿಟಿಯಲ್ಲಿ ತೆರೆಯಬೇಕು. ಪ್ರತಿ ಉತ್ತರವೂ ಒಂದು ಉಬ್ಬಾಗಿ ಕಾಣುತ್ತದೆ. ಒಂದು ಉಬ್ಬಿನ ಶುರುವಿನಿಂದ ಮುಂದಿನ ಉಬ್ಬಿನ ಶುರುವಿನ ತನಕ ಎಳೆದು ಗುರುತಿಸಿದರೆ ಅಂತರ ಕೆಳಗೆ ಸಿಗುತ್ತದೆ. "ಆಂ…" ಅನ್ನುವ ರಾಗವನ್ನು ಉತ್ತರದ ಶುರು ಅಂದುಕೊಳ್ಳಬೇಡಿ. ಕಿವಿಯಿಂದ ಕೇಳಿಯೇ ಗುರುತು ಹಾಕಿ. ಒಂದು ಹಾಳೆಯಿಂದ 11 ಬದಲಾದ, 12 ಮುಂದುವರಿದ ಅಂತರಗಳು ಸಿಗುತ್ತವೆ. ಅಷ್ಟು ಕಡಿಮೆ, ನಾಲ್ಕು ಹಾಳೆಯಾದರೂ ಬೇಕು. ತಪ್ಪು ಉತ್ತರವನ್ನೂ ಅದರ ಮರುಕ್ಷಣದ್ದನ್ನೂ ಬಿಟ್ಟು, ಸರಾಸರಿಯ ಬದಲು ಮಧ್ಯಾಂಕ ತೆಗೆಯಿರಿ. ಒಂದು ಕೆಮ್ಮು ಸಾಕು ಸರಾಸರಿ ಕೆಡಲು.

ನಮ್ಮವರಿಗೆ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಹೇಳುತ್ತಾ ಹೇಳುತ್ತಾ ಮಧ್ಯೆ "ಫಿಫ್ಟಿ ಟೂ" ಬಂದುಬಿಡುತ್ತದೆ. ಅದು ಇನ್ನೊಂದು ಬದಲಾವಣೆ, ಅದಕ್ಕೂ ಖರ್ಚಿದೆ. ಮ್ಯೂಟರ್ ಮತ್ತು ಆಲ್‌ಪೋರ್ಟ್ 1999ರಲ್ಲಿ ಎರಡು ಭಾಷೆ ಬಲ್ಲವರಿಂದ ಅಂಕಿಗಳನ್ನು ಹೇಳಿಸಿದಾಗ, ಗಟ್ಟಿಯಾಗಿ ಬರುವ ಭಾಷೆಗೆ ಮರಳುವುದೇ ಹೆಚ್ಚು ದುಬಾರಿಯಾಗಿತ್ತು. ಅಷ್ಟಾಗಿ ಬಾರದ ಭಾಷೆ ಆಡಲು ಚೆನ್ನಾಗಿ ಬರುವ ಭಾಷೆಯನ್ನು ಅದುಮಿಡಬೇಕು, ಆ ಹಿಡಿತ ಒಮ್ಮೆಗೇ ಸಡಿಲವಾಗುವುದಿಲ್ಲ ಅನ್ನುವುದು ಅವರ ವಿವರಣೆ. ಹಾಗಾಗಿ ಭಾಷೆ ಮೊದಲೇ ನಿಗದಿಯಾಗಲಿ.

ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಬದಲಿ ಹಾಳೆಯ ಇನ್ನೊಂದು ರೂಪ: ಅದೇ ಸಂಖ್ಯೆಗಳು, ಪಕ್ಕದಲ್ಲಿ "+6", "−3". ಸ್ಪೆಕ್ಟರ್ ಮತ್ತು ಬೀಡರ್‌ಮನ್ 1976ರಲ್ಲೇ ತೋರಿಸಿದಂತೆ, ಗುರುತು ಕಣ್ಣೆದುರಿದ್ದರೆ ನಷ್ಟ ಚೆನ್ನಾಗಿಯೇ ಇಳಿಯುತ್ತದೆ. ಇದನ್ನೇ ಮೇಜಿಗೆ ತಂದೆ. ಕೆಲಸ ಬಿಟ್ಟು ಏಳುವ ಮುಂಚೆ ಚೀಟಿಯಲ್ಲಿ ಮುಂದಿನ ಒಂದೇ ಹೆಜ್ಜೆ, ಕ್ರಿಯಾಪದದ ಸಮೇತ: "17ನೇ ಸಾಲಿನ ಮೊತ್ತ ಬಿಲ್ಲಿನ ಜತೆ ತಾಳೆ ನೋಡು". "ಬಿಲ್ಲಿನ ಕೆಲಸ" ಅಂತ ಬರೆದರೆ ಅದು ಬರೀ ಸಂಖ್ಯೆ, ಪಕ್ಕದಲ್ಲಿ ಗುರುತಿಲ್ಲ.

ಗುರುತಿದ್ದರೂ, ಮೊದಲೇ ಗೊತ್ತಿದ್ದರೂ ನಷ್ಟ ಸೊನ್ನೆಯಾಗುವುದಿಲ್ಲ. ರಾಜರ್ಸ್ ಮತ್ತು ಮಾನ್ಸೆಲ್ ಸಿದ್ಧತೆಗೆ ಸಮಯ ಕೊಡುತ್ತಾ ಹೋದಾಗ ಸುಮಾರು 0.6 ಸೆಕೆಂಡಿನ ತನಕ ನಷ್ಟ ಇಳಿಯಿತು, ಅಲ್ಲಿಂದಾಚೆಗೆ ನಿಂತಿತು. ಒಂದೇ ಕೆಲಸ ನಾಲ್ಕು ಸಲ ಬಂದಾಗಲೂ ಉಳಿದ ಆ ನಷ್ಟ ಮೊದಲನೆಯದಕ್ಕಷ್ಟೇ ತಗುಲಿತು. ಅಂದರೆ ಕಾದು ಕೂತರೆ ಅದು ಹೋಗುವುದಿಲ್ಲ, ಕೆಲಸವನ್ನು ಒಮ್ಮೆ ಮಾಡಿಯೇ ಆಗಬೇಕು. ಅದಕ್ಕೇ ಬಿಲ್ಲಿಗೆ ಮರಳಿದಾಗ ಈಗಾಗಲೇ ತಾಳೆ ನೋಡಿದ 16ನೇ ಸಾಲನ್ನು ಇನ್ನೊಮ್ಮೆ ನೋಡಿ, ಆಮೇಲೆ 17ಕ್ಕೆ ಹೋಗುತ್ತೇನೆ.