ರೋಮನ್ ನಾಣ್ಯಕ್ಕೆ ಹುಣಸೆಹಣ್ಣು ಹಾಕಬೇಡಿ

ಹಿತ್ತಾಳೆ ಚೊಂಬು ಕಪ್ಪಾದರೆ ನಮ್ಮ ದಾವಣಗೆರೆ ಕಡೆ ಮನೆಗಳಲ್ಲಿ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುತ್ತಾರೆ. ಐದು ನಿಮಿಷಕ್ಕೆ ಫಳಫಳ. ನನ್ನ ಮೊದಲ ರೋಮನ್ ನಾಣ್ಯಕ್ಕೆ ನಾನೂ ಅದನ್ನೇ ಮಾಡಿದೆ. ಬೆಂಗಳೂರಿನ ಒಂದು ನಾಣ್ಯ ಮೇಳದಲ್ಲಿ ಬಿಲ್ ಸಮೇತ ಕೊಂಡಿದ್ದು, ನಾಲ್ಕನೇ ಶತಮಾನದ ಪುಟ್ಟ ಕಂಚಿನ ನಾಣ್ಯ. ಹಸಿರು ಮೈ ಮೇಲೆ ಚಕ್ರವರ್ತಿಯ ಮುಖ, ತಲೆಗೆ ಕಟ್ಟಿದ ಪಟ್ಟಿಯ ಮುತ್ತುಗಳನ್ನೂ ಎಣಿಸಬಹುದಿತ್ತು. ತಿಕ್ಕಿದ ಮೇಲೆ ಉಳಿದದ್ದು ಕೆಂಪಗೆ, ತೂತು ತೂತಾದ ಒಂದು ಬಿಲ್ಲೆ. ಇವತ್ತಿಗೂ ಅದನ್ನು ನೋಡಿದರೆ ಬೇಜಾರಾಗುತ್ತದೆ. ನಿಮಗೆ ಹಾಗಾಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಆಗಿದ್ದೇನು ಅಂದರೆ, ಅಷ್ಟು ಕಾಲ ಮಣ್ಣಿನಲ್ಲಿದ್ದ ಕಂಚಿನ ಹೊರಮೈ ಲೋಹವಾಗಿ ಉಳಿದಿರುವುದಿಲ್ಲ. ತಾಮ್ರ ನಿಧಾನಕ್ಕೆ ಖನಿಜವಾಗಿರುತ್ತದೆ. ಕೆಳಗೆ ಕೆಂಪು ಕ್ಯುಪ್ರೈಟ್, ಅದರ ಮೇಲೆ ಹಸಿರು ಮ್ಯಾಲಕೈಟ್. ಇದಕ್ಕೇ ಪಟಿನಾ ಅನ್ನುವುದು. ಮುಖ, ಅಕ್ಷರ, ಮುತ್ತು ಎಲ್ಲ ಇರುವುದು ಈ ಪದರದಲ್ಲೇ. ನಾವು ಎಲ್ಲವನ್ನೂ ಒಂದೇ ಮಾತಲ್ಲಿ ಕಿಲುಬು ಅಂದುಬಿಡುತ್ತೇವೆ, ಹುಳಿ ಹಾಕಿದರೆ ಕಿಲುಬಿನ ಜೊತೆ ನಾಣ್ಯದ ಮುಖವೂ ಕರಗಿ ಹೋಗುತ್ತದೆ. ನಿಂಬೆಹಣ್ಣು, ವಿನೆಗರ್, ಪಾತ್ರೆ ಬೆಳಗುವ ಪುಡಿ, ತಂತಿ ಬ್ರಷ್, ಯಾವುದೂ ಬೇಡ. ಕರೆಂಟ್ ಹಾಯಿಸಿ ಕ್ಲೀನ್ ಮಾಡುವ ವಿಧಾನವೂ ಬೇಡ, ಅದು ಪಟಿನಾವನ್ನು ಪೂರ್ತಿ ಕಿತ್ತು ಹಾಕುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳುತ್ತಿರುವುದು ಬಿಲ್ ಇಟ್ಟು ಕೊಂಡ ನಾಣ್ಯದ ವಿಷಯ. ಚಿತ್ರದುರ್ಗದ ಚಂದ್ರವಳ್ಳಿ ಗೊತ್ತಲ್ವಾ, ಅಲ್ಲಿ 1929ರ ಹೊತ್ತಿಗೆ ಎಂ. ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪುರಾತತ್ವಜ್ಞರು ಅಗೆಸಿದ್ದರು. ಸಾತವಾಹನರ ಕಾಲದ ನಾಣ್ಯಗಳ ಜೊತೆ ದಿನಾರಿಯಸ್ ಎಂಬ ರೋಮಿನ ಬೆಳ್ಳಿ ನಾಣ್ಯಗಳೂ ಆ ಮಣ್ಣಿನಲ್ಲಿ ಸಿಕ್ಕಿವೆ. ಹಾಗಾಗಿ ನಮ್ಮ ಕಡೆ ಹೊಲದಲ್ಲೋ ಪಾಯ ತೋಡುವಾಗಲೋ ಹಳೆ ನಾಣ್ಯ ಸಿಕ್ಕರೆ ಆಶ್ಚರ್ಯವಿಲ್ಲ. ಸಿಕ್ಕರೆ ತೊಳೆಯಬೇಡಿ, ಒರೆಸಲೂ ಬೇಡಿ. ಮಣ್ಣು ಸಮೇತ ಹಾಗೇ ಇಟ್ಟು ಜಿಲ್ಲಾಧಿಕಾರಿಗೆ ತಿಳಿಸಿ. ತಿಳಿಸಬೇಕು ಅಂತ ಕಾನೂನೂ ಹೇಳುತ್ತದೆ. ಯಾವ ಜಾಗದಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆ ಸಿಕ್ಕಿತು ಅನ್ನುವುದು ನಾಣ್ಯಕ್ಕಿಂತ ದೊಡ್ಡ ವಿಷಯ.

ಈಗ ಕೆಲಸಕ್ಕೆ ಬರೋಣ. ಬೇಕಾದದ್ದು ಡಿಸ್ಟಿಲ್ಡ್ ವಾಟರ್. ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಅಲ್ಲಿ ಆಸಿಡ್ ಕೂಡ ಕ್ಯಾನ್‌ನಲ್ಲೇ ಮಾರುತ್ತಾರೆ, ಲೇಬಲ್ ಓದಿ, ಕೇಳಿ ತನ್ನಿ. ನಲ್ಲಿ ನೀರು, ಬೋರ್ ನೀರು ಆಗುವುದಿಲ್ಲ. ಅದರಲ್ಲಿ ಕ್ಲೋರೈಡ್ ಅನ್ನುವ ಉಪ್ಪಿನ ಅಂಶ ಇರುತ್ತದೆ, ಕಂಚಿಗೆ ಅದು ವಿಷ. ಗಾಜಿನ ಬಟ್ಟಲಲ್ಲಿ ನಾಣ್ಯ ಮುಳುಗುವಷ್ಟು ನೀರು ಹಾಕಿ ಬಿಟ್ಟುಬಿಡಿ. ಎರಡು ಮೂರು ದಿನಕ್ಕೊಮ್ಮೆ ನೀರು ಬದಲಿಸಿ. ಹೀಗೆ ಎಷ್ಟು ದಿನ ಅಂತ ಕೇಳಬೇಡಿ. ಕೆಲವು ನಾಣ್ಯ ಎರಡು ವಾರಕ್ಕೆ ಮಣ್ಣು ಬಿಡುತ್ತದೆ, ಕೆಲವಕ್ಕೆ ಆರು ತಿಂಗಳು.

ನೀರು ಬದಲಿಸುವಾಗ ಅಂಗೈ ಮೇಲೆ ಇಟ್ಟುಕೊಂಡು, ಮಕ್ಕಳ ಮೆತ್ತನೆ ಟೂತ್‌ಬ್ರಷ್‌ನಿಂದ ಹಗುರವಾಗಿ ಉಜ್ಜಿ. ನಾಣ್ಯ ಒದ್ದೆಯಾಗಿಯೇ ಇರಬೇಕು. ಸಂದಿಯಲ್ಲಿ ಕೂತ ಮಣ್ಣಿಗೆ ಊದಿನಕಡ್ಡಿ ಉರಿದ ಮೇಲೆ ಉಳಿಯುವ ಬಿದಿರಿನ ತುದಿಯನ್ನು ಚೂಪು ಮಾಡಿಕೊಳ್ಳಿ, ನನಗಂತೂ ಇದಕ್ಕಿಂತ ಒಳ್ಳೆ ಸಾಧನ ಸಿಕ್ಕಿಲ್ಲ. ಬಿದಿರು ಮಣ್ಣನ್ನು ಎಬ್ಬಿಸುತ್ತದೆ, ಪಟಿನಾವನ್ನು ಸುಲಭಕ್ಕೆ ಗೀರುವುದಿಲ್ಲ. ಸೂಜಿ, ಪಿನ್ನು ಹಿಡಿದರೆ ಒಂದು ಸಲ ಕೈ ಜಾರಿದರೂ ಗೆರೆ ಬೀಳುತ್ತದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇಲ್ಲದೆ ಕೈ ಹಾಕಬೇಡಿ. ಕಂದು ಬಣ್ಣದ್ದು ಪುಡಿಪುಡಿಯಾಗಿ ಉದುರಿದರೆ ಅದು ಮಣ್ಣು. ನುಣ್ಣಗೆ, ಗಟ್ಟಿಯಾಗಿ, ಒಂದೇ ಸಮ ಹಸಿರೋ ಕಪ್ಪೋ ಕಂಡರೆ ಅದು ಪಟಿನಾ, ಅಲ್ಲಿಗೆ ನಿಲ್ಲಿಸಿ. ಕೆಂಪು ಚುಕ್ಕೆ ಕಂಡಿತೆಂದರೆ ಆಗಲೇ ಜಾಸ್ತಿ ಉಜ್ಜಿದ್ದೀರಿ. ಮೂಗಿನ ಪಕ್ಕ ಸ್ವಲ್ಪ ಮಣ್ಣು ಉಳಿದರೆ ಉಳಿಯಲಿ ಬಿಡಿ.

ಆಲಿವ್ ಎಣ್ಣೆಯಲ್ಲಿ ನೆನೆಸಿ ಅಂತ ಹೇಳುವವರು ಬಹಳ ಜನ ಇದ್ದಾರೆ. ನಾನು ಒಪ್ಪುವುದಿಲ್ಲ. ಎಣ್ಣೆಯಲ್ಲೂ ಸಣ್ಣಗೆ ಆಮ್ಲ ಇರುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ತಾಮ್ರವನ್ನು ತಿನ್ನುತ್ತದೆ, ಬಣ್ಣವೂ ಕಪ್ಪಾಗುತ್ತದೆ.

ಈ ನೆನೆಸುವ ಕೆಲಸ ಕಂಚಿಗೆ ಮಾತ್ರ. ಸಾತವಾಹನರ ಸೀಸದ ನಾಣ್ಯ ನಿಮ್ಮ ಹತ್ತಿರ ಇದ್ದರೆ ಅದನ್ನು ಡಿಸ್ಟಿಲ್ಡ್ ವಾಟರ್‌ಗೆ ಹಾಕಲೇಬೇಡಿ, ಸೀಸ ಅದರಲ್ಲಿ ಸವೆದುಹೋಗುತ್ತದೆ. ಬೆಳ್ಳಿ ದಿನಾರಿಯಸ್ ನೋಡಲು ಗಟ್ಟಿ, ಆದರೆ ಒಳಗೆ ಬಿಸ್ಕತ್ತಿನ ಹಾಗೆ ಪೆಡಸಾಗಿರಬಹುದು, ಒತ್ತಿದರೆ ಮುರಿಯುತ್ತದೆ. ಕೆಲವಕ್ಕೆ ಒಳಗೆ ತಾಮ್ರ, ಮೇಲೆ ಬೆಳ್ಳಿಯ ತೆಳು ಹೊದಿಕೆ ಅಷ್ಟೇ. ಅಕ್ಕಸಾಲಿಗರ ಹತ್ತಿರ ಕೊಟ್ಟು ಬೆಳ್ಳಗೆ ಮಾಡಿಸುವ ಯೋಚನೆ ಬಿಡಿ.

ತೊಳೆದಾದ ಮೇಲೆ ಒಣಗಿಸುವುದರಲ್ಲಿ ಅವಸರ ಬೇಡ. ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ, ತಿಕ್ಕಬೇಡಿ. ಆಮೇಲೆ ಗಾಜಿನ ಬಟ್ಟಲಲ್ಲಿ ಸ್ವಲ್ಪ ಶುದ್ಧ ಅಸಿಟೋನ್‌ನಲ್ಲಿ ಅದ್ದಿ ತೆಗೆದರೆ ಸಂದಿಯ ನೀರೂ ಹೋಗುತ್ತದೆ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ಒಲೆ, ದೀಪ ಯಾವುದೂ ಇರಬಾರದು, ಅಸಿಟೋನ್ ಭಗ್ ಅಂತ ಹತ್ತಿಕೊಳ್ಳುತ್ತದೆ.

ಒಂದು ರೋಗದ ಬಗ್ಗೆ ಹೇಳದೆ ಬಿಡಲಾರೆ. ಒಣಗಿದ ನಾಣ್ಯದ ಮೇಲೆ ತಿಳಿಹಸಿರು ಪುಡಿ ಏಳುತ್ತದೆ, ಬೆರಳಿಗೆ ಅಂಟುತ್ತದೆ. ಇದು ಪಟಿನಾ ಅಲ್ಲ. ಒಳಗೆ ಸೇರಿದ ಕ್ಲೋರೈಡ್ ಗಾಳಿಯ ತೇವ ಹೀರಿ ಆಮ್ಲವಾಗಿ, ತಾಮ್ರವನ್ನು ತಿಂದು, ಮತ್ತೆ ಕ್ಲೋರೈಡಾಗಿ, ಮತ್ತೆ ತಿನ್ನುತ್ತದೆ, ತಾನಾಗೇ ನಿಲ್ಲುವುದಿಲ್ಲ. ನಮ್ಮದು ಒಣ ಸೀಮೆಯಾದ್ದರಿಂದ ಬೇಸಿಗೆಯಲ್ಲಿ ಸುಮ್ನೆ ಇರುತ್ತದೆ, ಮಳೆಗಾಲದಲ್ಲಿ ಎದ್ದುಬಿಡುತ್ತದೆ. ಅದಕ್ಕೇ ನಾಣ್ಯಗಳನ್ನು ಕಾಗದದ ಲಕೋಟೆಯಲ್ಲಿ ಹಾಕಿ, ತೇವ ಹೀರುವ ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಮೆತ್ತನೆ ಪಿವಿಸಿ ಕವರ್ ಬೇಡ, ವರ್ಷ ಕಳೆದರೆ ಜಿಗುಟು ಬಿಡುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಡಬ್ಬಿ ತೆರೆದು ಪ್ರತಿ ನಾಣ್ಯವನ್ನೂ ಅಂಚು ಹಿಡಿದು ನೋಡಿ. ಪುಡಿ ಕಂಡದ್ದನ್ನು ಅವತ್ತೇ ಬೇರೆ ಡಬ್ಬಿಗೆ ಹಾಕಿ, ಮತ್ತೆ ಹೊಸ ಡಿಸ್ಟಿಲ್ಡ್ ವಾಟರ್‌ನಿಂದ ಶುರು ಮಾಡಿ.