ಕಣದ ಮೂಲೆಯಲ್ಲಿ ನಮ್ಮ ಮನೆ

ಮೈಸೂರಿನ ಮನೆ ಬಾಡಿಗೆಗೆ ಕೊಟ್ಟು, ಒಂದು ಟೆಂಪೊ ಟ್ರಾವೆಲರನ್ನೇ ಮನೆ ಮಾಡಿಕೊಂಡು ನಾವಿಬ್ಬರು ಹೊರಟು ಹದಿನಾಲ್ಕು ತಿಂಗಳಾಯಿತು. ಒಳಗೆ ಮಂಚ, ಅಡುಗೆ ಕಟ್ಟೆ, ಸಣ್ಣ ಫ್ರಿಜ್ಜು, 100 ಲೀಟರಿನ ನೀರಿನ ಟ್ಯಾಂಕು. ಸಿಕ್ಕಿದವರೆಲ್ಲ ಗಾಡಿಗೆ ಎಷ್ಟಾಯ್ತು, ಮೈಲೇಜ್ ಎಷ್ಟು ಅಂತ ಕೇಳುತ್ತಾರೆ. ರಾತ್ರಿ ಎಲ್ಲಿ ನಿಲ್ಲಿಸ್ತೀರಿ ಅಂತ ಕೇಳುವವರು ಕಡಿಮೆ. ನಮಗೆ ದಿನಾ ತಲೆನೋವು ಮಾತ್ರ ಅದೇ.

ಮೊದಲ ತಿಂಗಳು ನೋಟ ಚೆನ್ನಾಗಿದ್ದರೆ ಸಾಕು ಅಂದುಕೊಂಡಿದ್ದೆ. ಪಾಂಡವಪುರದ ಹತ್ತಿರ ಕೊಯ್ಲಾದ ಒಂದು ಗದ್ದೆ ಕಣ್ಣಿಗೆ ಬಿತ್ತು. ಎದುರಿಗೆ ಕುಂತಿ ಬೆಟ್ಟ, ಕಾಲಿಟ್ಟರೆ ನೆಲ ಗಟ್ಟಿ. ಸುತ್ತ ಯಾರೂ ಇರಲಿಲ್ಲ. ಸುಮ್ನೆ ನಿಲ್ಲಿಸಿಬಿಟ್ಟೆವು. ರಾತ್ರಿ ಎರಡರ ಹೊತ್ತಿಗೆ ಗುಳುಗುಳು ಸದ್ದು. ನಮ್ಮ ಟ್ಯಾಂಕೇ ಸೋರುತ್ತಿದೆ ಅಂದುಕೊಂಡು ಎದ್ದೆ. ಟಾರ್ಚ್ ಬಿಟ್ಟು ನೋಡಿದರೆ ಗಾಡಿಯ ಸುತ್ತ ನೀರು. ಪಕ್ಕದ ಗದ್ದೆಗೆ ನಾಟಿಗೆಂದು ನೀರು ಕಟ್ಟಿದ್ದರು, ಬದು ಒಡೆದು ನಮ್ಮ ಕಡೆ ನುಗ್ಗಿತ್ತು. ಬೆಳಗಾಗುವಷ್ಟರಲ್ಲಿ ಹಿಂದಿನ ಚಕ್ರ ಅರ್ಧ ಕೆಸರಲ್ಲಿ. ಟ್ರಾಕ್ಟರ್ ತಂದು ಎಳೆಸಿದ ಗೌಡರು ಬೈಯಲಿಲ್ಲ. "ಒಂದ್ ಮಾತ್ ಕೇಳ್ಬಾರ್ದೇನವ್ವ? ರಾತ್ರಿ ನಮ್ ಸರದಿ ಅಂತ ಊರಿಗೆಲ್ಲ ಗೊತ್ತು" ಅಂದರು, ಅಷ್ಟೇ.

ಆ ಒಂದು ಮಾತು ಕೇಳುವುದೇ ನಮ್ಮ ಕೆಲಸ ಅಂತ ಅವತ್ತು ತಿಳಿಯಿತು. ಈಗ ಯಾವ ಊರಿಗೆ ಹೋದರೂ ಮೊದಲು ಹುಡುಕುವುದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯನ್ನು. ಯಾವ ತೂಬಿಗೆ ಯಾವಾಗ ನೀರು, ಯಾವ ಹಾದಿ ಕೆಸರಾಗುತ್ತದೆ, ಯಾರ ಜಮೀನಿಗೆ ಯಾರು ಯಜಮಾನರು, ಎಲ್ಲ ಅವರ ಬಾಯಲ್ಲೇ ಇರುತ್ತದೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸುವ ಕಾಲದಲ್ಲಂತೂ ಅವರನ್ನು ಕೇಳದೆ ಇಂಜಿನ್ ಆಫ್ ಮಾಡುವುದಿಲ್ಲ.

ಕೆಲವು ಜಾಗಗಳನ್ನು ಕೇಳದೆಯೇ ಬಿಟ್ಟೆವು. ನಾಲೆ ಏರಿಯ ಮೇಲೆ ನಿಲ್ಲಿಸುವುದಿಲ್ಲ. 2018ರ ನವೆಂಬರಿನಲ್ಲಿ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ (ವಿಸಿ) ನಾಲೆಗೆ ಬಿದ್ದು 30 ಜನ ಹೋದರು. ಆ ದಾರಿಯಲ್ಲಿ ಹೋಗುವಾಗ ಈಗಲೂ ನಮ್ಮಿಬ್ಬರ ಮಾತು ನಿಲ್ಲುತ್ತದೆ. ಕಬ್ಬಿನ ಗದ್ದೆಯ ಪಕ್ಕವೂ ಬೇಡ, ಚಿರತೆಗೆ ಅದೇ ಮನೆ. ಮಳೆಗಾಲದಲ್ಲಿ ಬೆಳಿಗ್ಗೆ ಪೇಪರ್ ತೆಗೆದರೆ ಮೊದಲು ನೋಡುವುದು ಕೆಆರ್‌ಎಸ್ ಮಟ್ಟ. ಗರಿಷ್ಠ 124.80 ಅಡಿ. 120 ದಾಟಿತು ಅಂದರೆ ಶ್ರೀರಂಗಪಟ್ಟಣ, ಬಲಮುರಿ ಕಡೆ ಹೊಳೆ ದಡಕ್ಕೆ ಗಾಡಿ ಇಳಿಸುವುದಿಲ್ಲ. ಗೇಟು ತೆಗೆದರೆ ಮಧ್ಯಾಹ್ನ ಕೂತಿದ್ದ ಬಂಡೆ ಮಾರನೇ ದಿನ ಕಾಣುವುದಿಲ್ಲ.

ಹಾಗಾದರೆ ಒಳ್ಳೆಯ ಜಾಗ ಯಾವುದು? ನನ್ನ ಉತ್ತರ ಒಂದೇ: ಕಣ.

ಒಕ್ಕಣೆ ಕಣ ಮಾಡುವಾಗ ಹಿರಿಯರು ನಮ್ಮ ಗಾಡಿಗೆ ಬೇಕಾದ್ದನ್ನೆಲ್ಲ ಯೋಚಿಸಿಟ್ಟಿದ್ದಾರೆ. ಮಳೆ ನೀರು ನಿಲ್ಲದ ಹಾಗೆ ಸ್ವಲ್ಪ ಎತ್ತರ. ಕಲ್ಲಿನ ಗುಂಡು ಉರುಳಿಸಿ, ಸಗಣಿ ಸಾರಿಸಿ ವರ್ಷಗಟ್ಟಲೆ ಗಟ್ಟಿಯಾದ ನೆಲ. ಎತ್ತಿನ ಗಾಡಿ ಬರುವಷ್ಟು ಹಾದಿ. ಗಾಳಿಗೆ ತೂರಬೇಕಲ್ಲ, ಅದಕ್ಕೆ ಗಾಳಿಯೂ ಉಂಟು. ಈಗ ರಾಗಿ ಒಕ್ಕುವುದು ಮಿಷನ್ನಿನಲ್ಲೋ ಟಾರ್ ರಸ್ತೆಯ ಮೇಲೋ. ಎಷ್ಟೋ ಕಣಗಳು ವರ್ಷದಲ್ಲಿ ಹತ್ತು ತಿಂಗಳು ಖಾಲಿ.

ಊರು ಸೇರುವುದು ಸಂಜೆ ನಾಲ್ಕರ ಒಳಗೆ. ಕತ್ತಲಾದ ಮೇಲೆ ಹೋದರೆ ಯಾರಾದರೂ ಅನುಮಾನ ಪಡುತ್ತಾರೆ, ತಪ್ಪೇನಿಲ್ಲ. ಗಾಡಿಯನ್ನು ಅರಳಿಕಟ್ಟೆ ಹತ್ತಿರ ಬಿಟ್ಟು ನಾನೊಬ್ಬಳೇ ನಡೆದು ಹೋಗುತ್ತೇನೆ. "ಅಣ್ಣಾ, ಎರಡು ರಾತ್ರಿ ನಿಮ್ಮ ಕಣದಲ್ಲಿ ಗಾಡಿ ನಿಲ್ಲಿಸ್ಕೋಬಹುದಾ? ಬೆಂಕಿ ಹಾಕಲ್ಲ, ಕಸ ಬಿಡಲ್ಲ." ಎಷ್ಟು ದಿನ ಇರುತ್ತೇವೆ ಅಂತ ಮೊದಲೇ ಹೇಳುವುದು ಮುಖ್ಯ. ಮೇಲುಕೋಟೆ ಸುತ್ತಮುತ್ತ ಮಾತ್ರ ಮೊದಲ ಪ್ರಶ್ನೆ ಬೇರೆ: "ಯಾವ್ ಹೀರೋದು ಕ್ಯಾರವಾನು?" ಅಲ್ಲಿ ಶೂಟಿಂಗ್ ನೋಡಿ ನೋಡಿ ಅಭ್ಯಾಸ. ಹೀರೋ ಅಂತ ನಮ್ಮವರನ್ನು ತೋರಿಸಿದರೆ ಮಕ್ಕಳಿಗೆ ಭಾರೀ ನಿರಾಸೆ.

ದುಡ್ಡು ಕೊಟ್ಟರೆ ಜಾಸ್ತಿ ಜನ ತೆಗೆದುಕೊಳ್ಳುವುದಿಲ್ಲ. ಹಾಲು, ತರಕಾರಿ, ಕೋಳಿ ಮೊಟ್ಟೆ ಅವರ ಹತ್ತಿರವೇ ಕೊಳ್ಳುತ್ತೇವೆ. ಪಂಪ್‌ಸೆಟ್ಟಿನಿಂದ ಕರೆಂಟು ಎಳೆದುಕೊಳ್ಳಿ ಅಂತ ಎಷ್ಟೋ ಸಲ ಹೇಳಿದ್ದಾರೆ. ಬೇಡ ಅಂದಿದ್ದೇವೆ. 10 ಎಚ್‌ಪಿವರೆಗಿನ ಪಂಪಿಗೆ ಸರ್ಕಾರ ಬಿಟ್ಟಿ ಕರೆಂಟು ಕೊಡುವುದು ಬೇಸಾಯಕ್ಕೆ. ನಾವು ಮಿಕ್ಸಿ ತಿರುಗಿಸಿ ಅವರಿಗೆ ತೊಂದರೆ ತರುವುದು ಯಾಕೆ?

ಅದಕ್ಕೇ ನಮಗೆ ಬಿಸಿಲು ಬೇಕು. ಮೇಲೆ 200 ವ್ಯಾಟಿನ ಎರಡು ಸೋಲಾರ್ ಪ್ಯಾನೆಲ್ ಇವೆ. ಪೂರ್ತಿ ನೆರಳಲ್ಲಿ ನಿಲ್ಲಿಸಿದರೆ ಮಾರನೇ ದಿನ ಫ್ರಿಜ್ಜಿನ ಮೊಸರು ಹುಳಿ. ಪೂರ್ತಿ ಬಿಸಿಲಲ್ಲಿ ನಿಲ್ಲಿಸಿದರೆ ಏಪ್ರಿಲಿನಲ್ಲಿ ನಾವೇ ಹುಳಿ. ಹಾಗಾಗಿ ಮರ ಪಡುವಣಕ್ಕೆ ಬರುವ ಹಾಗೆ ನಿಲ್ಲಿಸುತ್ತೇವೆ. ಬೆಳಗಿನಿಂದ ಪ್ಯಾನೆಲ್ಲಿಗೆ ಬಿಸಿಲು, ಮೂರರ ಮೇಲೆ ನಮಗೆ ನೆರಳು. ಹೊಂಗೆ ಸಿಕ್ಕರೆ ಬೇರೆ ಮರ ಬೇಡ. ಯುಗಾದಿ ಹೊತ್ತಿಗೆ ಅದು ಹೊಸ ಎಲೆ ತುಂಬಿಕೊಂಡಿರುತ್ತದೆ. ತೆಂಗಿನ ಮರದ ಕೆಳಗೆ ಮಾತ್ರ ಒಂದು ಗಂಟೆಯೂ ಇಲ್ಲ, ಕಾಯಿ ಬೀಳುವ ಮುಂಚೆ ಹೇಳಿ ಬೀಳುವುದಿಲ್ಲ. ಕಣದ ಹಾದಿಗೆ ಪಂಪಿನ ವೈರು ಜೋತು ಬಿದ್ದಿದ್ದರೆ ನಾನು ಕೆಳಗಿಳಿದು ದೂರದಿಂದ ನೋಡುತ್ತೇನೆ. ಅನುಮಾನ ಬಂದರೆ ರಿವರ್ಸ್, ವಾದ ಇಲ್ಲ.

ಮಟ್ಟ ನೋಡಲು ಗಾರೆ ಕೆಲಸದವರ ರಸಮಟ್ಟ ಇಟ್ಟುಕೊಂಡಿದ್ದೇವೆ. ನಿಜವಾದ ಪರೀಕ್ಷೆ ಬೆಳಿಗ್ಗೆ ದೋಸೆ ಕಾವಲಿಯದು. ಎಣ್ಣೆ ಒಂದೇ ಕಡೆ ಓಡಿ, ದೋಸೆ ಒಂದಂಚು ಸೀದು ಇನ್ನೊಂದಂಚು ಬಿಳಿಯಾಗಿ ಉಳಿದರೆ ನಮ್ಮವರು ಮಾತಾಡದೆ ಎದ್ದು ಹೋಗಿ ಆ ಕಡೆಯ ಚಕ್ರದ ಕೆಳಗೆ ಹಲಗೆ ತೂರಿಸುತ್ತಾರೆ.

ಇಬ್ಬರಿಗೆ ದಿನಕ್ಕೆ 25 ಲೀಟರ್ ನೀರು, ಅಂದರೆ ನಾಲ್ಕು ದಿನ. ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು, ಯಜಮಾನರು ತೋರಿಸಿದ ತಿಪ್ಪೆಗೇ ಹಾಕುತ್ತೇನೆ. ಟಾಯ್ಲೆಟ್ಟಿನ ಡಬ್ಬ ಅಲ್ಲಿ ತೆರೆಯುವುದೇ ಇಲ್ಲ. ಮೂರು ದಿನಕ್ಕೊಮ್ಮೆ ಪೇಟೆಗೆ ಹೋದಾಗ, ಕೇಳಿಕೊಂಡು, ಪಾಯಖಾನೆಯಲ್ಲೇ ಖಾಲಿ ಮಾಡುವುದು. ಇದೊಂದರಲ್ಲಿ ತಪ್ಪಿದರೆ ಆ ಊರಿಗೆ ನಮ್ಮಂಥ ಗಾಡಿ ಮತ್ತೆ ಸೇರಿಸುವುದಿಲ್ಲ.

ದಸರಾ ಹತ್ತು ದಿನ ಮೈಸೂರು, ವೈರಮುಡಿ ಹೊತ್ತಿಗೆ ಮೇಲುಕೋಟೆ, ಇವೆರಡರ ಹತ್ತಿರವೂ ಸುಳಿಯುವುದಿಲ್ಲ. ಸೈಕಲ್ ನಿಲ್ಲಿಸಲೂ ಜಾಗ ಇರುವುದಿಲ್ಲ.

ಈಗಿರುವುದು ಪಾಂಡವಪುರ ತಾಲ್ಲೂಕಿನ ಒಂದು ಕಣದಲ್ಲಿ. ಎರಡು ರಾತ್ರಿ ಅಂತ ಬಂದವರು, ಅಜ್ಜಿಯ ಮಾತಿಗೆ ಒಂಬತ್ತು ದಿನ ಉಳಿದೆವು. ಇವತ್ತು ಬೆಳಿಗ್ಗೆ ಅಜ್ಜಿ ಹಾಲಿನ ಚೊಂಬು ಹಿಡಿದು ಬಂದು, ಗಾಡಿ ಸುತ್ತ ಒಂದು ಸಲ ನೋಡಿ, "ನಾಡಿದ್ದು ರಾಗಿ ಕುಯ್ತೀವಿ ಕಣವ್ವ, ಮೆದೆ ಒಟ್ಬೇಕು" ಅಂದರು. ಹಲಗೆ ತೆಗೆದು ಒಳಗಿಟ್ಟಾಯಿತು. ನಾಳೆ ಸಂಜೆ ನಾಲ್ಕಕ್ಕೆ ಕೆ.ಆರ್. ಪೇಟೆ ಕಡೆ ಯಾವುದಾದರೂ ಅರಳಿಕಟ್ಟೆ.