ಫೋನ್ ಅಂಗಡಿಯಲ್ಲಿಟ್ಟು ಲಾಟ್ ನೋಡಲು ಹೋದೆ: ನನ್ನ ಅನುಭವ

ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಖರೀದಿ ಮಾಡುವವರಿಗೆ ಟೆಂಡರ್ ದಿನ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಲಕ್ಷಗಟ್ಟಲೆ ಚೀಲ. ಹೊಸಬರಿಗೆ ಹೇಳುವುದಾದರೆ, ರೈತನ ಒಂದೊಂದು ರಾಶಿ ಒಂದು ಲಾಟ್; ಅದನ್ನು ನೋಡಿ ಖರೀದಿದಾರರು ಒಬ್ಬರಿಗೊಬ್ಬರು ತೋರಿಸದೆ ರೇಟು ಬರೆಯುವುದೇ ಟೆಂಡರ್, ಹೆಚ್ಚು ಬರೆದವನಿಗೆ ಮಾಲು. ಒಂದು ಕೈಯಲ್ಲಿ ಕಾಯಿ, ಇನ್ನೊಂದರಲ್ಲಿ ಫೋನ್, ಕಂಕುಳಲ್ಲಿ ಪುಸ್ತಕ. ಹದಿನೆಂಟು ವರ್ಷ ನಾನೂ ಹಾಗೇ ಓಡಾಡಿದವನು. ಈಗ ಎರಡು ಸೀಸನ್‌ನಿಂದ ಲಾಟ್ ನೋಡುವಾಗ ಫೋನ್ ಮುಟ್ಟುತ್ತಿಲ್ಲ. ಶುರುವಿನಲ್ಲಿ ಪಕ್ಕದ ಅಂಗಡಿ ಸಾವಕಾರರು ಹಮಾಲರ ಮುಂದೆಯೇ, "ಏನ್ರೀ, ಸನ್ಯಾಸ ತಗೊಂಡ್ರೇನು?" ಅಂದಿದ್ದರು. ಇದನ್ನು ಅವರಿಗೇ ಬರೆದದ್ದು ಅಂದುಕೊಳ್ಳಿ.

ಹೊಡೆತ ಬಿದ್ದದ್ದು 2024ರಲ್ಲಿ. ಧಾರಣೆ ಕುಸಿದು ಮಾರ್ಚ್ 11ರಂದು ಮಾರ್ಕೆಟ್‌ನಲ್ಲಿ ರೈತರು ಸಿಟ್ಟಿಗೆದ್ದು ಬೆಂಕಿ ಹಚ್ಚಿದ ವರ್ಷ ಅದು. ಕ್ವಿಂಟಲ್‌ಗೆ ಐನೂರು ಉಳಿದರೆ ಪುಣ್ಯ ಅನ್ನುವ ಕಾಲ. ಆ ಗಲಾಟೆಗೆ ಒಂದೆರಡು ವಾರ ಮೊದಲು ಕಡ್ಡಿ ಜಾತಿ ಕಾಯಿಯ ಒಂದು ಲಾಟ್ ನೋಡುತ್ತಿದ್ದೆ, 38 ಚೀಲ. ಮೇಲೆ ಚೆನ್ನಾಗಿತ್ತು. ಒಳಗೆ ಕೈ ಹಾಕುವಷ್ಟರಲ್ಲಿ ನನ್ನಿಂದ ಮಾಲು ತರಿಸುವ ಅಹಮದಾಬಾದ್ ಪಾರ್ಟಿಯ ಫೋನ್. ಹಿಂದಿನ ವಾರದ ಲಾರಿ ಯಾಕೆ ತಡ ಅಂತ ಜಗಳ. ಮಾತಾಡುತ್ತಲೇ 31,000 ಅಂತ ಬರೆದೆ. ಅದು ಪಕ್ಕದ ಡಬ್ಬಿ ಅನ್ನುವ ಬೇರೆ ಜಾತಿಯ ಲಾಟ್‌ಗೆ ಮನಸ್ಸಿನಲ್ಲಿಟ್ಟುಕೊಂಡಿದ್ದ ರೇಟು! ನನ್ನ ಕೆಳಗಿನ ಟೆಂಡರ್ 22,000 ಚಿಲ್ಲರೆ ಇತ್ತು ಅಂತ ಆಮೇಲೆ ಗೊತ್ತಾಯಿತು. ಸುರಿಸಿ ನೋಡಿದರೆ ನಡುವೆ ಹಸಿ, ತಳದಲ್ಲಿ ಬಣ್ಣ ಹೋದ ಬಿಳಿಗಾಯಿ. ಹದಿನೈದು ಕ್ವಿಂಟಲ್ ಮಾಲು. ಲಕ್ಷದ ಮೂವತ್ತು ಸಾವಿರದ ಆಸುಪಾಸು ಒಂದೇ ಗೆರೆಯಲ್ಲಿ ಹೋಯಿತು. ರೈತ ಮಾತ್ರ ಅಂಗಡಿವರೆಗೂ ಬಂದು ಕೈ ಮುಗಿದು ಹೋದ.

ಮಾರ್ಕೆಟ್‌ನಲ್ಲಿ ಎಲ್ಲರೂ ಒಂದೇ ಸಮಾಧಾನ ಹೇಳಿದರು. "ಒಂದರಾಗ ಹೋದ್ರ ಇನ್ನೊಂದರಾಗ ಬರತೈತಿ ಬಿಡ್ರಿ." ನಾನೂ ಅದನ್ನೇ ನಂಬಿದ್ದೆ. ನಂಬಿಕೆ ಕೆಡಿಸಿದವನು ನನ್ನ ಮಗ.

ಅವನು ಧಾರವಾಡದಲ್ಲಿ ಸೈಕಾಲಜಿ ಓದುತ್ತಾನೆ. ಬಾಲ್ ಪಾಸ್ ಎಣಿಸುವಾಗ ನಡುವೆ ಗೊರಿಲ್ಲಾ ವೇಷದವರು ಹಾದು ಹೋಗುವ ವಿಡಿಯೋ ಇದೆಯಲ್ಲ, ಅದನ್ನು ತೋರಿಸಿದ. ಅರ್ಧದಷ್ಟು ಜನರಿಗೆ ಅದು ಕಾಣುವುದೇ ಇಲ್ಲವಂತೆ. ನನಗೆ ಕಂಡಿತು, ಅದಕ್ಕೇ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ನಮ್ಮ ಗೋಡೌನ್‌ನಲ್ಲೇ ಅವನು ಇಪ್ಪತ್ತು ಸ್ಯಾಂಪಲ್ ಇಟ್ಟ. ಮೊದಲ ಸಲ ಸುಮ್ನೆ ನೋಡಿ ರೇಟು ಬರೆದೆ. ಎರಡು ದಿನ ಬಿಟ್ಟು ಸ್ಯಾಂಪಲ್ ಹಿಂದೆ ಮುಂದೆ ಮಾಡಿ, ಹದಿಮೂರರ ಮಗ್ಗಿ ಹೇಳುತ್ತಾ ಬರೆಯಲು ಹೇಳಿದ. ಏಳೆಂಟರಲ್ಲಿ ಎರಡು ಸಾವಿರಕ್ಕಿಂತ ಜಾಸ್ತಿ ವ್ಯತ್ಯಾಸ. ಮಗ್ಗಿಯೂ ತಪ್ಪಿತು, ಅದು ಬೇರೆ ಮಾತು.

ತಮಾಷೆ ಇರುವುದು ಮುಂದೆ. ಗಮನ ಬೇರೆ ಕಡೆ ಇದ್ದರೆ ಧೈರ್ಯ ಜಾಸ್ತಿಯಾಗಿ ಎಲ್ಲಕ್ಕೂ ಏರಿಸಿ ಬರೆಯುತ್ತೇವೆ ಅಂದುಕೊಂಡಿದ್ದೆ. ಹಾಗಾಗಿರಲಿಲ್ಲ. ಒಳ್ಳೆ ಕಾಯಿಗೆ ಕಡಿಮೆ, ಕೆಟ್ಟದ್ದಕ್ಕೆ ಜಾಸ್ತಿ. ಎಲ್ಲ ರೇಟೂ ನಡುವಿಗೆ ಬಂದು ಕೂತಿದ್ದವು. ಸರಾಸರಿ ಹೆಚ್ಚು ಕಡಿಮೆ ಸರಿಯೇ ಇತ್ತು! ಹಾಗಾದರೆ ನಷ್ಟ ಎಲ್ಲಿ? ಟೆಂಡರ್‌ನಲ್ಲಿದೆ. ಒಳ್ಳೆ ಕಾಯಿಗೆ ಕಡಿಮೆ ಬರೆದರೆ ಇನ್ನೊಬ್ಬ ಒಯ್ಯುತ್ತಾನೆ. ಕೆಟ್ಟದ್ದಕ್ಕೆ ಜಾಸ್ತಿ ಬರೆದರೆ ಅದು ನನ್ನ ಗೋಡೌನ್‌ಗೇ ಬರುತ್ತದೆ. ನಾನು ಗೆಲ್ಲುವುದೆಲ್ಲ ನನ್ನ ತಪ್ಪುಗಳನ್ನೇ. ಇನ್ನೊಂದರಲ್ಲಿ ಬರುವ ಮಾತೆಲ್ಲಿ?

ಗೊತ್ತಾದ ಮೇಲೂ ದಾರಿ ಸಿಗಲು ಒಂದು ಸೀಸನ್ ಹಿಡಿಯಿತು. ಮೊದಲು ಫೋನ್ ಸೈಲೆಂಟ್ ಮಾಡಿದೆ. ಜೇಬಿನಲ್ಲಿ ಅದು ಗುಂಯ್ ಅಂದಾಗೆಲ್ಲ ಯಾರಿರಬಹುದು ಅಂತಲೇ ಯೋಚನೆ. ಬ್ಲೂಟೂತ್ ತಂದೆ, ಎರಡೂವರೆ ಸಾವಿರ ದಂಡ. ಕೈ ಖಾಲಿಯಾಯಿತು, ತಲೆ ಆಗಲಿಲ್ಲ. ಫೋನಿನಲ್ಲಿ ಮಾತಾಡುತ್ತಾ ಗಾಡಿ ಓಡಿಸುವವರದ್ದೂ ಇದೇ ಕಥೆ, ಕೈಯಲ್ಲಿ ಹಿಡಿದರೂ ಕಿವಿಗೆ ಸಿಕ್ಕಿಸಿದರೂ ಅಷ್ಟೇ ಅಂತ ಮಗ ಹೇಳಿದ. ಮೊದಲೇ ಹೇಳಬಾರದಿತ್ತೇ! ಆಮೇಲೆ ಅಳಿಯನ ಕೈಗೆ ಫೋನ್ ಕೊಟ್ಟು ಹಿಂದೆ ನಡೆಸಿದೆ. "ಮಾವಾ, ಕೊಲ್ಲಾಪುರದವ್ರು ಅರ್ಜೆಂಟ್ ಅಂತಾರ" ಅಂತ ಐದು ನಿಮಿಷಕ್ಕೊಮ್ಮೆ ಬಂದು ನಿಂತರೆ ಫೋನ್ ನನ್ನ ಹತ್ತಿರ ಇದ್ದಂತೆಯೇ ಅಲ್ವಾ?

ಕೊನೆಗೆ ಕೆಲಸವನ್ನೇ ಮೂರು ತುಂಡು ಮಾಡಿದೆ. ಫೋನ್ ಮತ್ತು ಅಳಿಯ ಇಬ್ಬರೂ ಅಂಗಡಿಯಲ್ಲಿ. ನಾನು ಬೆಳಿಗ್ಗೆ ಬೇಗ ಹೋಗಿ ಬರೀ ಲಾಟ್ ನೋಡುತ್ತೇನೆ. ಪುಸ್ತಕದಲ್ಲಿ ರೇಟು ಬರೆಯುವುದಿಲ್ಲ, ಗುರುತು ಮಾತ್ರ. ಬಣ್ಣಕ್ಕೆ ಒಂದು, ತೇವಕ್ಕೆ ಒಂದು, ತಳದ ಕಾಯಿಗೆ ಒಂದು. ಆ ಗುರುತುಗಳನ್ನು ರೇಟಿಗೆ ಹೇಗೆ ತಿರುಗಿಸುತ್ತೇನೆ ಅಂತ ಇಲ್ಲಿ ಹೇಳುವುದಿಲ್ಲ, ಅದು ಹೊಟ್ಟೆಪಾಡು. ಅಂಗಡಿಗೆ ವಾಪಸ್ ಬಂದು ಚಹಾ ಕುಡಿದು, ಪಾರ್ಟಿಗಳಿಗೆಲ್ಲ ಒಟ್ಟಿಗೆ ಫೋನ್ ಮಾಡಿ, ಮತ್ತೆ ಅದನ್ನು ಆಚೆ ಇಟ್ಟು ರೇಟು ಕಟ್ಟುತ್ತೇನೆ. ಕಂಪ್ಯೂಟರ್‌ಗೆ ಹಾಕುವಾಗ ಅಳಿಯ ಲಾಟ್ ನಂಬರ್, ರೇಟು ಗಟ್ಟಿಯಾಗಿ ಓದಬೇಕು, ನಾನು ಪರದೆ ನೋಡಿ ತಿರುಗಿ ಹೇಳಬೇಕು. ಒಮ್ಮೆ ಒಂದು ಸೊನ್ನೆ ಜಾಸ್ತಿ ಬಿದ್ದಿದ್ದು ಸಿಕ್ಕಿದ್ದು ಹೀಗೆಯೇ. ಆ ದಿನ ಊಟ ಸೇರಲಿಲ್ಲ.

ಮೊದಲು ದಿನಕ್ಕೆ ನೂರೈವತ್ತು ಲಾಟ್‌ಗೆ ಬರೆಯುತ್ತಿದ್ದೆ, ಈಗ ಎಂಬತ್ತು, ತೊಂಬತ್ತು. ಮೊದಲು ಗೆದ್ದ ಹತ್ತರಲ್ಲಿ ಎರಡಾದರೂ ನೋಡಿ ಹೊಟ್ಟೆ ಉರಿಯುತ್ತಿತ್ತು. ಈಗ ನಲವತ್ತಕ್ಕೆ ಒಂದು ಅಂತಿಟ್ಟುಕೊಳ್ಳಿ. 2024ರ ಸೀಸನ್‌ನಲ್ಲಿ ಬರೀ ಇಂಥ ತಪ್ಪಿನಿಂದ ನಾಲ್ಕು ಲಕ್ಷ ಹೋಗಿತ್ತು. ಕಳೆದ ಸೀಸನ್‌ನಲ್ಲಿ ಐವತ್ತು ಸಾವಿರ ದಾಟಿಲ್ಲ.

ನಡುವೆ ಇಯರ್‌ಫೋನ್ ಹಾಕಿಕೊಂಡೂ ನೋಡಿದೆ. ಬರೀ ಕೊಳಲು ಇದ್ದರೆ ತೊಂದರೆ ಇಲ್ಲ. ಮಾತಿರುವ ಹಾಡು ಸ್ವಲ್ಪ ಕೆಡಿಸುತ್ತದೆ. ಕ್ರಿಕೆಟ್ ಕಾಮೆಂಟರಿಯಂತೂ ಪಾರ್ಟಿಯ ಫೋನಿಗಿಂತ ಕೆಟ್ಟದ್ದು. ನಾಲ್ಕನೆಯ ವಿಕೆಟ್ ಬಿದ್ದಾಗ ನಾನು ಕಟ್ಟಿದ ಲಾಟ್ ಇನ್ನೂ ಕೋಲ್ಡ್ ಸ್ಟೋರೇಜ್‌ನಲ್ಲಿದೆ.

ಅಳಿಯ ಫೋನುಗಳ ಲೆಕ್ಕ ಇಡುತ್ತಾನೆ. ಒಂದು ಗುರುವಾರ ಮೂರು ಗಂಟೆಯಲ್ಲಿ 61 ಕರೆ. ತಕ್ಷಣ ಎತ್ತಲೇಬೇಕಿದ್ದದ್ದು ಎರಡು. ಅದರಲ್ಲಿ ಒಂದು ಇನ್ನೂರು ಚೀಲದ ಆರ್ಡರ್. ನಾನು ತಿರುಗಿ ಮಾಡುವಷ್ಟರಲ್ಲಿ ಅದು ಪಕ್ಕದ ಅಂಗಡಿ ಸಾವಕಾರರಿಗೆ ಹೋಗಿತ್ತು.